ಸಹಿಯ ನಂತರದ ಅಕ್ಷರ: ವಯಸ್ಕರ ಬರವಣಿಗೆ ಕಮ್ಮಟ ಏಕೆ, ಹೇಗೆ?



ವಿದ್ಯಾರ್ಥಿವೇತನದ ಅರ್ಜಿಯ ಕೊನೆಯಲ್ಲಿ ಪೋಷಕರ ಸಹಿಗೆ ಒಂದು ಗೆರೆ ಇರುತ್ತದೆ. ಆ ಗೆರೆಯ ಮೇಲೆ ಹೆಬ್ಬೆಟ್ಟಿನ ಗುರುತು ಬೀಳುವುದು ಈಗ ಅಪರೂಪ. ಹೆಚ್ಚಿನ ತಾಯಂದಿರು ಸಹಿ ಹಾಕುತ್ತಾರೆ. ಆದರೆ ಸಹಿಯ ಮೇಲಿರುವ ಪುಟವನ್ನು ಬರೆದವರು ಯಾರು? ಮಗಳೋ, ಪಕ್ಕದ ಮನೆಯ ಹುಡುಗನೋ, ಸೈಬರ್ ಅಂಗಡಿಯವರೋ ಬರೆದಿರುತ್ತಾರೆ. ಅದರಲ್ಲಿ ಏನಿದೆ ಎಂದು ಓದಿ, ತಪ್ಪಿದ್ದರೆ ತೋರಿಸಿ, "ಇದನ್ನು ಹೀಗೆ ಬರೆಯಿರಿ" ಎಂದು ಹೇಳಲು ಸಹಿ ಹಾಕಿದವರಿಗೆ ಆಗುತ್ತದೆಯೇ? ಈ ಲೇಖನದ ವಿಷಯ ಅದು. ಮಕ್ಕಳ ಶಿಕ್ಷಣಕ್ಕೆ ನೆರವು ಕೊಡುವ ಸಂಸ್ಥೆಯೊಂದು ಅವರ ತಂದೆ ತಾಯಿಯ ಬರವಣಿಗೆಯ ಬಗ್ಗೆ ಏಕೆ ಯೋಚಿಸಬೇಕು, ಯೋಚಿಸಿದರೆ ಏನು ಮಾಡಬಹುದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಅಂಕಿಅಂಶ ಹೇಳುವುದು, ಹೇಳದಿರುವುದು

2011ರ ಜನಗಣತಿಯ ಪ್ರಕಾರ ಕರ್ನಾಟಕದ ಸಾಕ್ಷರತೆ ಶೇ. 75ರಷ್ಟು. ಮಹಿಳೆಯರದು ಶೇ. 68ರಷ್ಟು. ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಒಟ್ಟು ಪ್ರಮಾಣ ಶೇ. 88 ದಾಟಿದೆ. ಏಳು ವರ್ಷ ಮೇಲ್ಪಟ್ಟವರು ಯಾವುದಾದರೂ ಒಂದು ಭಾಷೆಯಲ್ಲಿ ಅರ್ಥ ಮಾಡಿಕೊಂಡು ಓದಬಲ್ಲವರೂ ಬರೆಯಬಲ್ಲವರೂ ಆಗಿದ್ದರೆ ಜನಗಣತಿ ಅವರನ್ನು ಸಾಕ್ಷರರು ಎಂದು ಎಣಿಸುತ್ತದೆ. ಆದರೆ ಎಣಿಸಲು ಬಂದವರು ಯಾರ ಕೈಗೂ ಪೆನ್ನು ಕೊಟ್ಟು ಪರೀಕ್ಷೆ ಮಾಡುವುದಿಲ್ಲ. ಮನೆಯವರು ಹೇಳಿದ್ದೇ ಉತ್ತರ. ಹೆಸರು ಬರೆಯಲು ಬರುವವರು, ಬಸ್ಸಿನ ಬೋರ್ಡು ಓದುವವರು, ಒಂದು ಪುಟದ ಅರ್ಜಿ ಬರೆಯಬಲ್ಲವರು ಎಲ್ಲರೂ ಒಂದೇ ಸಾಲಿನಲ್ಲಿ ಸೇರಿಹೋಗುತ್ತಾರೆ.

ಓದು ಮತ್ತು ಬರಹ ಒಟ್ಟಿಗೆ ಬರುವುದಿಲ್ಲ ಎಂಬುದು ನಮ್ಮ ಮನೆಗಳಲ್ಲೇ ಕಾಣುತ್ತದೆ. ಹಿಂದಿನ ತಲೆಮಾರಿನ ಅನೇಕ ಹೆಣ್ಣುಮಕ್ಕಳಿಗೆ ಓದಲು ಕಲಿಸಿದರು, ಬರೆಯಲು ಕಲಿಸಲಿಲ್ಲ. ಹುಡುಗಿ ಕಾಗದ ಬರೆದುಬಿಟ್ಟರೆ ಎಂಬ ಭಯ ಎಷ್ಟೋ ಸಮುದಾಯಗಳಲ್ಲಿತ್ತು. ಬಂಗಾಳದ ರಾಸಸುಂದರಿ ದೇವಿ 19ನೆಯ ಶತಮಾನದಲ್ಲಿ ಅಡುಗೆಮನೆಯಲ್ಲಿ ಕದ್ದುಮುಚ್ಚಿ ಅಕ್ಷರ ಕಲಿತರು. ಓದು ಕೈಹಿಡಿದ ಮೇಲೂ ಬರವಣಿಗೆ ಕಲಿಯಲು ಅವರಿಗೆ ಬಹಳ ವರ್ಷ ಬೇಕಾಯಿತು. ಕೊನೆಗೆ ಅವರು ಬರೆದ ಆತ್ಮಕಥೆ ಬಂಗಾಳಿಯ ಮೊದಲ ಆತ್ಮಕಥೆ ಎನ್ನಿಸಿಕೊಂಡಿತು.

ಬರೆದಿಡುವುದರ ಮಹತ್ವ ನಮಗೆ ಹೊಸ ವಿಷಯವಲ್ಲ. ಕುರ್‌ಆನಿನ ಎರಡನೆಯ ಅಧ್ಯಾಯದ 282ನೆಯ ಸೂಕ್ತ ಸಾಲದ ವ್ಯವಹಾರವನ್ನು ಬರೆದಿಡುವ ಕುರಿತಾಗಿದೆ. ಮೊತ್ತ ಸಣ್ಣದಿರಲಿ ದೊಡ್ಡದಿರಲಿ ಬರೆಯಲು ಬೇಸರಪಡಬಾರದು, ಬರೆಯುವವನು ನ್ಯಾಯವಾಗಿ ಬರೆಯಬೇಕು, ಸಾಲ ಪಡೆದವನೇ ಅದರ ಒಕ್ಕಣೆ ಹೇಳಬೇಕು ಎಂಬ ನಿರ್ದೇಶನಗಳು ಅದರಲ್ಲಿವೆ. ಹೊಣೆ ಯಾರ ಮೇಲೆ ಬೀಳುತ್ತದೆಯೋ ಅವರ ಮಾತು ಕಾಗದದಲ್ಲಿ ಇರಬೇಕು ಎಂಬುದು ಇದರ ಆಶಯ. ಸಂಘದ ಸಾಲಕ್ಕೆ, ಆಸ್ಪತ್ರೆಯ ಒಪ್ಪಿಗೆ ಪತ್ರಕ್ಕೆ, ಬಾಡಿಗೆ ಕರಾರಿಗೆ ಓದದೆ ಸಹಿ ಹಾಕುವ ಇಂದಿನ ಪರಿಸ್ಥಿತಿಯಲ್ಲಿ ಈ ಮಾತನ್ನು ನೆನೆಯಬೇಕಾಗಿದೆ.

ಒಂದು ಹೆಸರು, ನಾಲ್ಕು ಕಾಗುಣಿತ

ಬರವಣಿಗೆ ಬಾರದಿದ್ದರೆ ಮಗುವಿನ ವಿದ್ಯಾರ್ಥಿವೇತನಕ್ಕೆ ಹೇಗೆ ತೊಂದರೆಯಾಗುತ್ತದೆ ಎಂಬುದಕ್ಕೆ ಹೆಸರೇ ಸಾಕು. ಮುಹಮ್ಮದ್, ಮೊಹಮ್ಮದ್, ಮಹಮ್ಮದ್, ಎಂ.ಡಿ.; ಫಾತಿಮಾ, ಫಾತಿಮ, ಪಾತಿಮ, ಪಾತುಮ್ಮ. ಬಾಯಲ್ಲಿ ಇವೆಲ್ಲ ಒಂದೇ ವ್ಯಕ್ತಿ. ಕಂಪ್ಯೂಟರಿಗೆ ನಾಲ್ಕು ಜನ. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಒಂದು, ಆಧಾರ್ ಕಾರ್ಡಿನಲ್ಲಿ ಇನ್ನೊಂದು, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಮತ್ತೊಂದು ಇದ್ದರೆ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಾಗಲಿ ರಾಜ್ಯದ ಎಸ್‌ಎಸ್‌ಪಿಯಲ್ಲಾಗಲಿ ಅರ್ಜಿ ಮುಂದೆ ಹೋಗದೆ ನಿಲ್ಲಬಹುದು.

ಮಗುವನ್ನು ಒಂದನೆಯ ತರಗತಿಗೆ ಸೇರಿಸುವ ದಿನ ಶಾಲೆಯವರು ಕೇಳಿದ ಹೆಸರನ್ನು ಬಾಯಲ್ಲಿ ಹೇಳುವ ಬದಲು ಚೀಟಿಯಲ್ಲಿ ಬರೆದು ಕೊಡುವಷ್ಟು ಬರವಣಿಗೆ ತಾಯಿಗೆ ಗೊತ್ತಿದ್ದರೆ ಈ ತೊಡಕು ಅಲ್ಲೇ ತಪ್ಪುತ್ತದೆ. ಹತ್ತು ವರ್ಷದ ನಂತರ ಅದನ್ನು ತಿದ್ದಿಸಲು ಅಫಿದವಿತ್, ಅರ್ಜಿ, ಓಡಾಟ, ಒಂದೆರಡು ದಿನದ ಕೂಲಿ ಎಲ್ಲ ಹೋಗುತ್ತದೆ. ಅಷ್ಟರಲ್ಲಿ ಅರ್ಜಿಯ ಕೊನೆಯ ದಿನವೂ ಕಳೆದಿರಬಹುದು.

ಕರಾವಳಿಯಲ್ಲಿ ಬೀಡಿ ಕಟ್ಟುವ ತಾಯಂದಿರಿಗೆ ಇದು ಇನ್ನಷ್ಟು ಮುಖ್ಯ. ಬೀಡಿ ಕಾರ್ಮಿಕರ ಮಕ್ಕಳಿಗೆ ಕೇಂದ್ರ ಕಾರ್ಮಿಕ ಇಲಾಖೆಯ ಶಿಕ್ಷಣ ಸಹಾಯಧನವಿದೆ. ಅದಕ್ಕೂ ದಾಖಲೆ ಬೇಕು, ದಾಖಲೆಯಲ್ಲಿನ ಹೆಸರು ಹೊಂದಬೇಕು. ಬೀಡಿ ಬ್ರಾಂಚಿನ ಪುಸ್ತಕದಲ್ಲಿ ಎಷ್ಟು ಎಲೆ, ಎಷ್ಟು ಹೊಗೆಸೊಪ್ಪು ಬಂತು, ಎಷ್ಟು ಬೀಡಿ ಲೆಕ್ಕಕ್ಕೆ ಸೇರಿತು ಎಂಬುದನ್ನು ತಾನೂ ಬೇರೆ ಒಂದು ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುವ ಹೆಂಗಸಿಗೆ ಲೆಕ್ಕ ಕೇಳುವ ಧೈರ್ಯ ಬರುತ್ತದೆ.

ಆಂದೋಲನ ಮುಗಿದ ಮೇಲೆ ಉಳಿದದ್ದೇನು?

1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಆರಂಭವಾಯಿತು. 1990ರಲ್ಲಿ ಕೇರಳದ ಎರ್ನಾಕುಲಂ ದೇಶದ ಮೊದಲ ಸಂಪೂರ್ಣ ಸಾಕ್ಷರ ಜಿಲ್ಲೆಯೆಂದು ಘೋಷಣೆಯಾಯಿತು. ಅದೇ ಹುರುಪಿನಲ್ಲಿ ದಕ್ಷಿಣ ಕನ್ನಡವೂ ಸೇರಿದಂತೆ ಕರ್ನಾಟಕದ ಹಲವು ಜಿಲ್ಲೆಗಳಲ್ಲಿ ಸಂಪೂರ್ಣ ಸಾಕ್ಷರತಾ ಆಂದೋಲನ ನಡೆಯಿತು. ರಾತ್ರಿ ದೀಪದ ಬೆಳಕಿನಲ್ಲಿ ಊರಿನ ಯುವಕ ಯುವತಿಯರು ಹಿರಿಯರಿಗೆ ಅಕ್ಷರ ಕಲಿಸಿದರು. ಆ ತರಗತಿಗಳಲ್ಲಿ ಕುಳಿತವರು ಇಂದಿಗೂ ನಮ್ಮ ನಡುವೆ ಇದ್ದಾರೆ.

ಅವರಲ್ಲಿ ಅನೇಕರಿಗೆ ಇಂದು ಉಳಿದಿರುವುದು ಸಹಿ ಮಾತ್ರ. ಬುದ್ಧಿ ಕಡಿಮೆ ಎಂದು ಹೀಗಾದದ್ದಲ್ಲ. ಬಳಸದ ಅಕ್ಷರ ಮರೆತುಹೋಗುತ್ತದೆ. ಪಾಠಪುಸ್ತಕ ಮುಗಿದ ಮೇಲೆ ಓದಲು ಅವರ ಅಳತೆಯ ಪುಸ್ತಕ ಸಿಗಲಿಲ್ಲ, ಬರೆಯಲು ಕಾರಣವೂ ಸಿಗಲಿಲ್ಲ.

ಬರೆಯಲು ಕಾರಣ ಸಿಕ್ಕಿದ ಕಡೆ ಆದದ್ದೇ ಬೇರೆ. ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟ ಗ್ರಾಮದಲ್ಲಿ 1992ರಲ್ಲಿ ಸಾರಾಯಿ ವಿರುದ್ಧ ಹೆಂಗಸರು ಎದ್ದು ನಿಂತರು. ಸಾಕ್ಷರತಾ ಪುಸ್ತಕದಲ್ಲಿದ್ದ ಒಂದು ಪಾಠದಲ್ಲಿ ಅವರದೇ ಮನೆಯ ಕಥೆಯಿತ್ತು. ಅದನ್ನು ಓದಿದವರು ಚರ್ಚೆ ಮಾಡಿದರು, ಚರ್ಚೆ ಮಾಡಿದವರು ಊರಿನ ಸಾರಾಯಿ ಅಂಗಡಿ ಮುಚ್ಚಿಸಿದರು. ಉತ್ತರ ಪ್ರದೇಶದ ಬಾಂದಾ ಪ್ರದೇಶದಲ್ಲಿ ಹೊಸದಾಗಿ ಅಕ್ಷರ ಕಲಿತ ಮಹಿಳೆಯರು 1990ರ ದಶಕದಲ್ಲಿ 'ಮಹಿಳಾ ಡಾಕಿಯಾ' ಎಂಬ ಪತ್ರಿಕೆ ತಂದರು. ಆ ಅನುಭವದ ಮೇಲೆ 2002ರಲ್ಲಿ ಚಿತ್ರಕೂಟದಲ್ಲಿ 'ಖಬರ್ ಲಹರಿಯಾ' ಹುಟ್ಟಿತು. ತಮ್ಮ ಆಡುಮಾತಾದ ಬುಂದೇಲಿಯಲ್ಲಿ ಹಳ್ಳಿಯ ಹೆಂಗಸರು ಬರೆದ ಈ ಪತ್ರಿಕೆಗೆ 2009ರಲ್ಲಿ ಯುನೆಸ್ಕೋದ ಸಾಕ್ಷರತಾ ಪ್ರಶಸ್ತಿ ದೊರೆಯಿತು. ಅಲ್ಲಿ ನಡೆದದ್ದು ಮೂಲತಃ ಬರವಣಿಗೆ ಕಮ್ಮಟ. ನೀರಿನ ಕೈಪಂಪು ಕೆಟ್ಟದ್ದನ್ನು, ರೇಷನ್ ಬಾರದ್ದನ್ನು ಕಂಡವರೇ ಬರೆಯಬೇಕು, ನಾಲ್ಕು ಜನ ಓದುವಂತೆ ಬರೆಯಬೇಕು ಎಂಬುದೇ ಅದರ ಪಾಠ.

ಕಮ್ಮಟದಲ್ಲಿ ಏನು ನಡೆಯುತ್ತದೆ?

ಕಮ್ಮಟವೆಂದರೆ ವಯಸ್ಕರನ್ನು ಮಕ್ಕಳ ಬೆಂಚಿನ ಮೇಲೆ ಕೂರಿಸಿ "ಅ ಆ ಇ ಈ" ಹೇಳಿಸುವುದಲ್ಲ. ಎಂಟು ಹತ್ತು ಜನ ವೃತ್ತವಾಗಿ ಚಾಪೆಯ ಮೇಲೋ ಮೇಜಿನ ಸುತ್ತಲೋ ಕುಳಿತುಕೊಳ್ಳುತ್ತಾರೆ. ವಾರಕ್ಕೆ ಎರಡು ದಿನ, ಒಂದೂವರೆ ಎರಡು ಗಂಟೆ ಸಾಕು. ಮೊದಲು ಮಾತು, ಆಮೇಲೆ ಬರಹ.

ಉದಾಹರಣೆಗೆ, "ನಿನ್ನೆ ಮಳೆ ಜೋರಿತ್ತು, ಮೀನು ಬರಲಿಲ್ಲ" ಎಂದು ಒಬ್ಬರು ಹೇಳುತ್ತಾರೆ ಎಂದುಕೊಳ್ಳಿ. ಕಲಿಸುವವರು ಅದನ್ನು ತಿದ್ದದೆ, ಅಲಂಕರಿಸದೆ, ಹೇಳಿದ ಹಾಗೆಯೇ ಹಲಗೆಯ ಮೇಲೆ ಬರೆಯುತ್ತಾರೆ. ಹೇಳಿದವರು ಅದನ್ನು ಬೆರಳಿಟ್ಟು ಓದುತ್ತಾರೆ. ಅದು ಅವರದೇ ಮಾತಾದ ಕಾರಣ ಮುಂದಿನ ಪದ ಯಾವುದೆಂದು ಮೊದಲೇ ಗೊತ್ತಿರುತ್ತದೆ. ನಂತರ ಅದನ್ನು ತಮ್ಮ ಪುಸ್ತಕಕ್ಕೆ ಇಳಿಸುತ್ತಾರೆ. ಮುಂದಿನ ವಾರ "ಮಳೆ", "ಮೀನು" ಎಂಬ ಪದಗಳಿಂದ ಹೊಸ ವಾಕ್ಯ ಮಾಡುತ್ತಾರೆ. ಕೆಲವು ತಿಂಗಳಲ್ಲಿ ಹಲಗೆಯ ನೆರವಿಲ್ಲದೆ ಎರಡು ಮೂರು ಸಾಲು ಬರೆಯುವ ಹಂತಕ್ಕೆ ಬರುತ್ತಾರೆ. ಪಾಠಪುಸ್ತಕ ಬೇಡವೆಂದಲ್ಲ, ಆದರೆ ಮೊದಲ ಪುಸ್ತಕ ಅವರ ಮಾತೇ ಆಗಿರುತ್ತದೆ.

ಅಕ್ಷರಗಳ ಕ್ರಮವೂ ಮುಖ್ಯ. ವರ್ಣಮಾಲೆಯ ಮೊದಲ ಅಕ್ಷರಗಳು ಬರೆಯಲು ಸುಲಭವೇನಲ್ಲ. ನಮ್ಮ ಸರ್ಕಾರಿ ಶಾಲೆಗಳ ನಲಿ ಕಲಿ ತರಗತಿಗಳು "ರ, ಗ, ಸ, ದ, ಅ" ಎಂಬ ಕ್ರಮದಿಂದ ಆರಂಭವಾಗುತ್ತವೆ. ಐದೇ ಅಕ್ಷರ ಕಲಿತವರು ಸರ, ದರ, ಅರಸ, ಗರಗಸ ಎಂದು ಅರ್ಥವಿರುವ ಪದ ಬರೆಯಬಹುದು. ವಯಸ್ಕರಿಗೂ ಇದೇ ದಾರಿ ಹಿಡಿಸುತ್ತದೆ. ಅದರ ಜೊತೆಗೆ ಮೊದಲ ದಿನವೇ ತಮ್ಮ ಹೆಸರಿನ ಅಕ್ಷರಗಳನ್ನೂ ಕಲಿಸಬೇಕು.

ಮದ್ರಸದ ಕಲಿಕೆ ಇಲ್ಲಿ ದೊಡ್ಡ ಆಸ್ತಿ. "ನನಗೆ ಓದು ಬರಹ ಏನೂ ಇಲ್ಲ" ಎನ್ನುವ ಎಷ್ಟೋ ತಾಯಂದಿರು ಕುರ್‌ಆನನ್ನು ಸರಾಗವಾಗಿ ಓದುತ್ತಾರೆ. ಅಂದರೆ ಅವರ ಕಣ್ಣಿಗೆ ಸಾಲು ಹಿಡಿದು ಹೋಗುವುದು, ಗುರುತಿಗೂ ಧ್ವನಿಗೂ ಸಂಬಂಧ ಹಚ್ಚುವುದು ಚೆನ್ನಾಗಿ ಗೊತ್ತು. ಅರಬಿಯಲ್ಲಿ ಒಂದು ಅಕ್ಷರದ ಮೇಲೆ ಕೆಳಗೆ ಹರಕತ್ ಇಟ್ಟರೆ "ಬ, ಬಿ, ಬು" ಆಗುತ್ತದೆ. ಕನ್ನಡದ ಕಾಗುಣಿತವೂ ಅದೇ ಕೆಲಸ ಮಾಡುತ್ತದೆ. ಹೀಗೆ ಹೇಳಿಕೊಟ್ಟರೆ ಕಾಗುಣಿತದ ಭಯ ಅರ್ಧ ಇಳಿಯುತ್ತದೆ. ಬದಲಾಗುವುದು ದಿಕ್ಕು, ಬಲದಿಂದ ಎಡಕ್ಕೆ ಓಡುತ್ತಿದ್ದ ಕಣ್ಣು ಈಗ ಎಡದಿಂದ ಬಲಕ್ಕೆ ಓಡಬೇಕು. ಇದಕ್ಕೆ ಕೆಲವು ವಾರ ಬೇಕು.

ಮನೆಮಾತು ಬೇರೆ, ಬರೆಯುವ ಭಾಷೆ ಬೇರೆ

ನಮ್ಮ ಕುಟುಂಬಗಳಲ್ಲಿ ಬ್ಯಾರಿ ಇದೆ, ಉರ್ದು ಇದೆ, ನವಾಯತಿ ಇದೆ. ಕಚೇರಿಯ ಕಾಗದ ಕನ್ನಡದಲ್ಲಿ. ಹೀಗಾಗಿ ಕಲಿಯುವವರು ಎರಡು ಕೆಲಸ ಒಟ್ಟಿಗೆ ಮಾಡುತ್ತಾರೆ, ಅಕ್ಷರವನ್ನೂ ಕಲಿಯಬೇಕು, ಭಾಷೆಯನ್ನೂ ಹೊಂದಿಸಬೇಕು. ಬ್ಯಾರಿಯವರಿಗೆ ಒಂದು ಅನುಕೂಲವಿದೆ. ಬ್ಯಾರಿಯನ್ನು ಕನ್ನಡ ಲಿಪಿಯಲ್ಲಿ ಬರೆಯುವ ರೂಢಿ ಇದೆ, ಕರ್ನಾಟಕ ಬ್ಯಾರಿ ಸಾಹಿತ್ಯ ಅಕಾಡೆಮಿಯ ಪುಸ್ತಕಗಳೂ ಇವೆ. ಮೊದಲು ಮನೆಮಾತನ್ನೇ ಕನ್ನಡ ಲಿಪಿಯಲ್ಲಿ ಬರೆದು, ಕೈ ಪಳಗಿದ ಮೇಲೆ ಕನ್ನಡ ವಾಕ್ಯಕ್ಕೆ ಬರಬಹುದು.

ತಪ್ಪುಗಳಿಗೂ ಕಾರಣವಿರುತ್ತದೆ. ಬ್ಯಾರಿಯಾಡುವವರ ಬಾಯಲ್ಲಿ ಮಹಾಪ್ರಾಣ ಇರುವುದಿಲ್ಲ, ಆದ್ದರಿಂದ "ಧ" ಬರೆಯಬೇಕಾದಲ್ಲಿ "ದ" ಬರುತ್ತದೆ. ಉರ್ದುವಿನಲ್ಲಿ "ಣ", "ಳ" ಇಲ್ಲ, ಆದ್ದರಿಂದ "ಹಣ" ಹೋಗಿ "ಹನ", "ಮಳೆ" ಹೋಗಿ "ಮಲೆ" ಆಗುತ್ತದೆ. ಹ್ರಸ್ವ ಎ, ಒ ಕೂಡ ಅವರಿಗೆ ತೊಡಕು. ಇದನ್ನು ತಿಳಿದ ಶಿಕ್ಷಕಿ ಕೆಂಪು ಪೆನ್ನು ಹಿಡಿಯುವುದಿಲ್ಲ. ಬರೆದದ್ದರ ಅರ್ಥವನ್ನು ಮೊದಲು ಕೇಳುತ್ತಾರೆ, ನಂತರ ಆ ದಿನಕ್ಕೆ ಒಂದೇ ಬಗೆಯ ತಪ್ಪನ್ನು ತಿದ್ದುತ್ತಾರೆ. ಇಡೀ ಪುಟ ಕೆಂಪಾದರೆ ಐವತ್ತು ವರ್ಷದ ವ್ಯಕ್ತಿ ಮರುದಿನ ಬರುವುದಿಲ್ಲ.

ಮನೆಮಾತು ಬೇರೆಯಾದರೂ ಕನ್ನಡದಲ್ಲಿ ಬರೆದು ಎಲ್ಲಿಯವರೆಗೆ ಹೋಗಬಹುದು ಎಂಬುದಕ್ಕೆ ನಾಡಿನಲ್ಲೇ ಸಾಕ್ಷಿಗಳಿವೆ. 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿ ಬಂದದ್ದು 1984ರಲ್ಲಿ. ಸಂಸಾರದ ಹೊಣೆಗಳ ನಡುವೆ ನಡುವಯಸ್ಸಿನಲ್ಲಿ ಬರೆಯತೊಡಗಿದವರು ಅವರು. ಹಾಸನದ ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಅನುವಾದ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆಯಿತು. ನಮ್ಮ ತಾಯಂದಿರೆಲ್ಲ ಕಾದಂಬರಿ ಬರೆಯಬೇಕೆಂದು ಯಾರೂ ಹೇಳುತ್ತಿಲ್ಲ. ಆದರೆ ಈ ವಯಸ್ಸಿನಲ್ಲಿ, ಈ ಭಾಷೆಯಲ್ಲಿ ನಮಗೆಲ್ಲಿ ಬರವಣಿಗೆ ಎಂಬ ಮಾತು ಬಂದಾಗ ಈ ಹೆಸರುಗಳನ್ನು ಹೇಳಬಹುದು.

ಹಂತಗಳು

ಕಮ್ಮಟದ ಗುರಿಯನ್ನು ನಾಲ್ಕು ಹಂತಗಳಾಗಿ ನೋಡಬಹುದು.

ಮೊದಲನೆಯದು: ತನ್ನ ಹೆಸರು, ಮಕ್ಕಳ ಹೆಸರು, ಮನೆಯ ವಿಳಾಸ, ಫೋನ್ ನಂಬರ್, ತಾರೀಕು. ಎಲ್ಲ ದಾಖಲೆಗಳಲ್ಲಿ ಒಂದೇ ಕಾಗುಣಿತ.

ಎರಡನೆಯದು: ದಿನಬಳಕೆಯ ಬರಹ. ಅಂಗಡಿ ಸಾಮಾನಿನ ಚೀಟಿ, ಹಾಲಿನ ಲೆಕ್ಕ, ಬೀಡಿಯ ಲೆಕ್ಕ, ಮಾತ್ರೆ ತೆಗೆದುಕೊಳ್ಳುವ ಹೊತ್ತು.

ಮೂರನೆಯದು: ಅರ್ಜಿ ಮತ್ತು ಪತ್ರ. ಮಗುವಿನ ರಜೆ ಚೀಟಿ, ಪಂಚಾಯತಿಗೆ ನೀರಿನ ಬಗ್ಗೆ ದೂರು, ಬ್ಯಾಂಕಿನ ನಮೂನೆ. ಯಾರಿಗೆ, ಯಾವ ವಿಷಯ, ಏನು ಬೇಕು ಎಂಬ ಮೂರು ಅಂಶ ಬರೆಯಲು ಬಂದರೆ ಅರ್ಜಿ ಬಂತು ಎಂದೇ ಲೆಕ್ಕ.

ನಾಲ್ಕನೆಯದು: ತನ್ನ ಕಥೆ. ತವರುಮನೆ, ಮದುವೆಯ ದಿನ, ಮೊದಲ ಬಾರಿ ಬಸ್ಸು ಹತ್ತಿದ್ದು, ಗಲ್ಫಿಗೆ ಹೋದ ಗಂಡನ ಮೊದಲ ಪತ್ರವನ್ನು ಬೇರೆಯವರಿಂದ ಓದಿಸಿಕೊಂಡದ್ದು. ಈ ಹಂತವನ್ನು ಕೆಲವರು ಅಲಂಕಾರವೆಂದು ಬಿಟ್ಟುಬಿಡುತ್ತಾರೆ. ಆದರೆ ಬರವಣಿಗೆ ಗಟ್ಟಿಯಾಗುವುದು ಇಲ್ಲೇ. ಹೇಳಲೇಬೇಕಾದದ್ದು ಇದ್ದಾಗ ಮನುಷ್ಯ ಗೊತ್ತಿಲ್ಲದ ಪದವನ್ನೂ ಹೇಗೋ ಬರೆಯುತ್ತಾನೆ.

ಹೀಗೆ ಬರೆದದ್ದನ್ನು ದೊಡ್ಡ ಅಕ್ಷರದಲ್ಲಿ ಹದಿನಾರು ಪುಟದ ಪುಸ್ತಿಕೆಯಾಗಿ ಅಚ್ಚು ಮಾಡಿಸಿದರೆ ಮುಂದಿನ ತಂಡಕ್ಕೆ ಅದೇ ಓದುವ ಪುಸ್ತಕ. ಆದರೆ ಒಂದು ನಿಯಮ ಕಡ್ಡಾಯ: ಬರೆದವರ ಒಪ್ಪಿಗೆ ಇಲ್ಲದೆ ಒಂದು ಸಾಲೂ ಹೊರಗೆ ಹೋಗಬಾರದು. ಮನೆಯ ಕಷ್ಟ, ಸಾಲ, ಜಗಳ ಇವು ಬರಹದಲ್ಲಿ ಬರುತ್ತವೆ. ಅವು ಊರಿನ ಮಾತಾದರೆ ಬರೆದವರಿಗೆ ತೊಂದರೆ. ಬೇಕಾದರೆ ಹೆಸರು ಬದಲಿಸಬಹುದು, ಬೇಡವೆಂದರೆ ಪುಸ್ತಕ ಅವರ ಕೈಯಲ್ಲೇ ಉಳಿಯಬೇಕು. ವರದಿಗೆ ಚೆಂದ ಕಾಣುತ್ತದೆ ಎಂಬ ಕಾರಣಕ್ಕೆ ಯಾರ ನೋವನ್ನೂ ಅಚ್ಚು ಹಾಕಿಸಬಾರದು.

ಕಮ್ಮಟಗಳು ಎಲ್ಲಿ ಸೋಲುತ್ತವೆ?

ಮೊದಲ ಕಾರಣ ಕಣ್ಣು. ನಲವತ್ತು ದಾಟಿದ ಮೇಲೆ ಹತ್ತಿರದ ಅಕ್ಷರ ಮಸುಕಾಗುವುದು ಸಹಜ. ಓದುವ ಕನ್ನಡಕ ಇಲ್ಲದವರು ತಮಗೆ ತಲೆಗೆ ಹತ್ತುವುದಿಲ್ಲ ಎಂದು ತಿಳಿದು ಬಿಟ್ಟುಹೋಗುತ್ತಾರೆ. ಆದ್ದರಿಂದ ಕಮ್ಮಟದ ಮೊದಲ ದಿನದ ಕೆಲಸ ಕಣ್ಣಿನ ತಪಾಸಣೆ.

ಎರಡನೆಯದು ಹೊತ್ತು. ಬೀಡಿ ಬ್ರಾಂಚಿಗೆ ಹೋಗುವ ದಿನ, ಮಕ್ಕಳು ಶಾಲೆಯಿಂದ ಬರುವ ಹೊತ್ತು, ರಮಝಾನ್, ಮದುವೆಗಳ ಕಾಲ, ಜೋರು ಮಳೆಯ ವಾರಗಳು ಇವನ್ನೆಲ್ಲ ನೋಡಿ ವೇಳಾಪಟ್ಟಿ ಮಾಡಬೇಕು. ಮೀನುಗಾರಿಕೆಗೆ ಹೋಗುವ, ಆಟೋ ಓಡಿಸುವ ಗಂಡಸರಿಗೆ ಇಶಾ ನಂತರದ ಹೊತ್ತೇ ಸರಿ. ಅವರಲ್ಲೂ ಬರವಣಿಗೆ ಬಾರದವರು ಕಡಿಮೆಯಿಲ್ಲ, ಬಾಯಿಬಿಟ್ಟು ಹೇಳುವವರು ಕಡಿಮೆ.

ಮೂರನೆಯದು ಸಂಕೋಚ. ಮದುವೆಯಾದ ಮಗಳ ಗೆಳತಿಯೇ ಶಿಕ್ಷಕಿಯಾದರೆ ಕೆಲವರಿಗೆ ನಾಚಿಕೆ. ಅವರ ಗೌರವ ಉಳಿಸಿ ಮಾತನಾಡುವವರು ಬೇಕು. ಹೆಸರಿಗೆ "ನಿರಕ್ಷರಿಗಳ ತರಗತಿ" ಎಂಬ ಬೋರ್ಡು ಹಾಕಬಾರದು.

ನಾಲ್ಕನೆಯದು ಬೇಗ ಮುಗಿಸುವ ಆತುರ. ಸಹಿ ಬಂದೊಡನೆ ಪ್ರಮಾಣಪತ್ರ ಕೊಟ್ಟು ಫೋಟೋ ತೆಗೆಸಿದರೆ ಒಂದೆರಡು ವರ್ಷದಲ್ಲಿ ಕೈ ಮತ್ತೆ ಹಿಂದಕ್ಕೆ ಹೋಗುತ್ತದೆ.

ಸರ್ಕಾರದ ಯೋಜನೆ, ನಮ್ಮ ಪಾಲು

2022ರಿಂದ 2027ರವರೆಗೆ ಕೇಂದ್ರ ಸರ್ಕಾರದ ನವ ಭಾರತ ಸಾಕ್ಷರತಾ ಕಾರ್ಯಕ್ರಮ ಜಾರಿಯಲ್ಲಿದೆ. 'ಉಲ್ಲಾಸ್' ಎಂಬ ಹೆಸರಿನಲ್ಲಿ ಇದನ್ನು ಕರೆಯುತ್ತಾರೆ. 15 ವರ್ಷ ಮೇಲ್ಪಟ್ಟವರು ಇದರಲ್ಲಿ ಕಲಿಯಬಹುದು, ಕಲಿಸುವವರು ಸ್ವಯಂಸೇವಕರು. ಓದು, ಬರಹ, ಲೆಕ್ಕ ತಲಾ 50ರಂತೆ 150 ಅಂಕಗಳ ಪರೀಕ್ಷೆ ಇರುತ್ತದೆ. ತೇರ್ಗಡೆಯಾದವರಿಗೆ ಪ್ರಮಾಣಪತ್ರ ಸಿಗುತ್ತದೆ. ಕರ್ನಾಟಕದಲ್ಲಿ ವಯಸ್ಕರ ಶಿಕ್ಷಣದ ಕೆಲಸವನ್ನು ಲೋಕ ಶಿಕ್ಷಣ ನಿರ್ದೇಶನಾಲಯ ನೋಡಿಕೊಳ್ಳುತ್ತದೆ. ಮೊದಲ ಅಕ್ಷರಕ್ಕೆ ಈ ಯೋಜನೆಯನ್ನು ಬಳಸಿಕೊಳ್ಳಬೇಕು. ಪರೀಕ್ಷೆಯ ನಂತರ ಬರವಣಿಗೆ ಮುಂದುವರಿಸುವ ಹೊಣೆಯನ್ನು ಜಮಾಅತ್, ಮಹಿಳಾ ಸಂಘ, ಟ್ರಸ್ಟುಗಳು ಹೊರಬೇಕು.

ದಾನಿಗಳಲ್ಲಿ ನಮ್ಮ ವಿನಂತಿ ದೊಡ್ಡ ಕಟ್ಟಡಕ್ಕಲ್ಲ. ಮದ್ರಸದ ಕೋಣೆ, ಅಂಗನವಾಡಿಯ ಜಗಲಿ, ಯಾರದೋ ಮನೆಯ ಚಾವಡಿ ಸಾಕು. ಹಣ ಬೇಕಾಗುವುದು ಓದುವ ಕನ್ನಡಕಕ್ಕೆ, ಅಗಲ ಗೆರೆಯ ಪುಸ್ತಕಕ್ಕೆ, ಶಿಕ್ಷಕಿಯ ಗೌರವಧನ ಮತ್ತು ಬಸ್ ಚಾರ್ಜಿಗೆ, ಚಿಕ್ಕ ಮಕ್ಕಳನ್ನು ನೋಡಿಕೊಳ್ಳುವ ಒಬ್ಬರಿಗೆ, ವರ್ಷಕ್ಕೊಂದು ಪುಸ್ತಿಕೆಯ ಅಚ್ಚಿಗೆ. ಝಕಾತ್ ನಿಧಿ ಅದರ ಹಕ್ಕುದಾರರಿಗೇ ಮೀಸಲು. ಕಮ್ಮಟದ ಖರ್ಚನ್ನು ಸದಕಾ ಮತ್ತು ಸಾಮಾನ್ಯ ದೇಣಿಗೆಯಿಂದ ಮಾತ್ರ ಭರಿಸಬೇಕು. ದೇಣಿಗೆ ನೀಡುವಾಗ ಇದನ್ನು ದಯವಿಟ್ಟು ನಮೂದಿಸಿ.

ವಿದ್ಯಾರ್ಥಿವೇತನದ ಕುಟುಂಬಗಳಿಗೆ

ಅರ್ಜಿ ತುಂಬುವ ಮೊದಲು ಮಗುವಿನ ಶಾಲಾ ದಾಖಲೆ, ಆಧಾರ್, ಪಾಸ್‌ಬುಕ್, ಆದಾಯ ಪ್ರಮಾಣಪತ್ರ ನಾಲ್ಕನ್ನೂ ಪಕ್ಕಪಕ್ಕ ಇಟ್ಟು ಹೆಸರಿನ ಪ್ರತಿ ಅಕ್ಷರ ಹೋಲಿಸಿ ನೋಡಿ. ಇಂಗ್ಲಿಷ್ ಅಕ್ಷರಗಳನ್ನೂ ನೋಡಿ. ವ್ಯತ್ಯಾಸವಿದ್ದರೆ ಅರ್ಜಿಯ ಕೊನೆಯ ದಿನದವರೆಗೆ ಕಾಯದೆ ಈಗಲೇ ತಿದ್ದಿಸಲು ಹೋಗಿ.

ಅರ್ಜಿಯಲ್ಲಿ ಕುಟುಂಬದ ಸ್ಥಿತಿಯ ಬಗ್ಗೆ ಬರೆಯುವ ಜಾಗವನ್ನು ತಂದೆ ಅಥವಾ ತಾಯಿ ತಮ್ಮ ಕೈಯಿಂದಲೇ ತುಂಬಬಹುದು. ಎರಡು ಸಾಲಾದರೂ ಆಗಬಹುದು. ಕನ್ನಡ, ಉರ್ದು, ಕನ್ನಡ ಲಿಪಿಯ ಬ್ಯಾರಿ, ಯಾವುದೂ ಆಗಬಹುದು. ಕಾಗುಣಿತ ತಪ್ಪಿದ್ದರೆ ಅರ್ಜಿಗೆ ಬಾಧಕವಿಲ್ಲ. ಬರೆಯಲು ಬಾರದವರು ಬೇರೆಯವರಿಂದ ಬರೆಸಬಹುದು, ಅದರಿಂದ ಮಗುವಿನ ಅರ್ಹತೆ ಕಡಿಮೆಯಾಗುವುದಿಲ್ಲ. ಆದರೆ ಬರೆದವರು ಸಹಿಗೆ ಮೊದಲು ಅದನ್ನು ಪೂರ್ತಿ ಓದಿ ಹೇಳಲಿ, ನೀವು ಒಪ್ಪಿದ ಮೇಲೆ ಸಹಿ ಹಾಕಿ.

ವಿದ್ಯಾರ್ಥಿವೇತನ ಪಡೆಯುವ ಮಕ್ಕಳಿಗೂ ಒಂದು ಮಾತು. ಕಾಲೇಜಿನಲ್ಲಿ ಓದುವ ನೀವು ವಾರಕ್ಕೆ ಒಂದು ಸಂಜೆ ಉಮ್ಮನ ಜೊತೆ, ಅಜ್ಜಿಯ ಜೊತೆ ಪುಸ್ತಕ ಹಿಡಿದು ಕುಳಿತುಕೊಳ್ಳಿ. ಅವರು ಹೇಳಿದ ಒಂದು ವಾಕ್ಯ ಬರೆಯಿರಿ, ಅವರಿಂದ ಓದಿಸಿ, ಅವರ ಕೈಗೆ ಪೆನ್ನು ಕೊಡಿ. ಮುಂದಿನ ವರ್ಷದ ಅರ್ಜಿಯನ್ನು ನೀವು ತುಂಬಿದರೂ ಅದನ್ನು ಓದಿ ನೋಡುವವರು ಅವರಾಗಿರಲಿ.